ಒಂದೇ ತಾಯಿಯ ಗೂಡುಗಳು

ಬೆಳಗಿನ ಬಿಸಿಲು ಬಿತ್ತನೆ ಕೋಠಿಯ ಕಿಟಕಿ ದಾಟಿ ಮೇಜಿನ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ; ಅಷ್ಟರಲ್ಲೇ ತಂಗಿ ಬಂದು ಬುಟ್ಟಿಯಲ್ಲಿದ್ದ ರೇಷ್ಮೆಗೂಡುಗಳನ್ನೆಲ್ಲ ಅದೇ ಮೇಜಿನ ಮೇಲೆ ಸುರಿದುಬಿಟ್ಟಳು. ಗೂಡುಗಳು ಉರುಳುರುಳಿ ಅಕ್ಕನ ಮಡಿಲಿಗೂ ಬಿದ್ದವು, ಕುರ್ಚಿಯ ಕೆಳಕ್ಕೂ ಹೋದವು.

“ನೋಡ್ಕೋ ಅಕ್ಕ, ನಿನ್ನ ಕೈಯ ಕೆಲಸಾನ ಕಣ್ಣಾರೆ ನೋಡ್ಕೋ! ಮಾರ್ಕೆಟ್ಟಲ್ಲಿ ಎಲ್ಲರೂ ನಕ್ಕಿದ್ದು ಸಾಲದು ಅಂತ ಇಲ್ಲಿಗೂ ತಂದಿದೀನಿ.”

ಅಕ್ಕ ನೋಡಿದಳು. ಹಳದಿ ಗೂಡುಗಳ ರಾಶಿಯ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಗೂಡು, ಅವಳನ್ನೇ ನೋಡಿ ಹಲ್ಲು ಕಿರಿದ ಹಾಗೆ.

ಈ ಅಕ್ಕನನ್ನು ಕೋಠಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸೂಜಿಗಣ್ಣಿ ಎನ್ನುತ್ತಿದ್ದರು. ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಅವಳು ಕೂತು ಇಪ್ಪತ್ತಾರು ವರ್ಷವಾಗಿತ್ತು. ಕೋಠಿಯ ಕೆಲಸ ಹೇಳಿದರೆ ಇಷ್ಟೇ, ಮಾಡಿದರೆ ಬಹಳ. ರೇಷ್ಮೆಹುಳು ಸಾಕುವವರಿಗೆ ಮೊಟ್ಟೆ ಮಾಡಿ ಕೊಡುವುದು. ಅದಕ್ಕೆ ಎರಡು ತಳಿ ಬೇಕು. ಒಂದು ಹಳದಿ ಗೂಡು ಕಟ್ಟುವ ಗಟ್ಟಿಜೀವದ ತಳಿ, ಬಿಸಿಲಿಗೂ ಚಳಿಗೂ ಜಗ್ಗದು, ಆದರೆ ಗೂಡು ಚಿಕ್ಕದು. ಇನ್ನೊಂದು ಬಿಳಿ ಗೂಡಿನ ತಳಿ, ನೂಲು ಉದ್ದ, ಜೀವ ಮಾತ್ರ ಮೆತ್ತಗೆ. ಹಳದಿಯ ಹೆಣ್ಣಿಗೆ ಬಿಳಿಯ ಗಂಡು ಸೇರಿದರೆ ಹುಟ್ಟುವ ಮಿಶ್ರತಳಿ ತಾಯಿಯ ಗಟ್ಟಿತನ, ತಂದೆಯ ನೂಲು ಎರಡನ್ನೂ ಹೊತ್ತು ಬಂದು ದಪ್ಪ ದಪ್ಪ ಹಳದಿ ಗೂಡು ಕಟ್ಟುತ್ತದೆ. ಆದರೆ ಚಿಟ್ಟೆಗಳಿಗೆ ಇದೆಲ್ಲ ಯಾರು ಹೇಳಬೇಕು? ಗೂಡಿನಿಂದ ಹೊರಬಿದ್ದ ಗಳಿಗೆಯಲ್ಲೇ ಪಕ್ಕದಲ್ಲಿದ್ದ ಒಡಹುಟ್ಟಿದ್ದರ ಜೊತೆಗೇ ಜೋಡಿಯಾಗಿಬಿಡುತ್ತವೆ. ಆದ್ದರಿಂದ ಚಿಟ್ಟೆಯಾಗುವ ಮೊದಲೇ ಗೂಡು ಕತ್ತರಿಸಿ, ಒಳಗೆ ಮಲಗಿರುವ ಕಂದು ಬಣ್ಣದ ಜೀವವನ್ನು ಬೆರಳಲ್ಲಿ ಹಿಡಿದು, ಬಾಲದ ಕಡೆ ಸಣ್ಣ ಗೀರಿದ್ದರೆ ಹೆಣ್ಣು, ಚುಕ್ಕಿಯಿದ್ದರೆ ಗಂಡು ಎಂದು ಬೇರೆ ಬೇರೆ ತಟ್ಟೆಗೆ ಹಾಕಬೇಕು. ದಿನಕ್ಕೆ ನಾಲ್ಕೈದು ಸಾವಿರ. ಸೃಷ್ಟಿ ಮಾಡಿದವನು ಅಷ್ಟು ಚಿಕ್ಕ ಗುರುತಿಟ್ಟು ಅಷ್ಟು ದೊಡ್ಡ ವಿಷಯವನ್ನು ಬರೆದಿದ್ದಾನೆ ಎಂದು ಸೂಜಿಗಣ್ಣಿ ಪ್ರತಿದಿನ ಕೆಲಸಕ್ಕೆ ಕೂರುವಾಗ ಒಮ್ಮೆ ಕೈ ಮುಗಿಯುತ್ತಿದ್ದಳು.

ಗದ್ದಲ ಕೇಳಿ ಮ್ಯಾನೇಜರ್ ಹೊರಗೆ ಬಂದರು. ಬಂದು ಎರಡು ವರ್ಷವಾದ ಮನುಷ್ಯ. ಒಳ್ಳೆಯವರೇ, ಆದರೆ ಒಂದು ಮಾತು ತಲೆಗೆ ಹೊಕ್ಕರೆ ಅದಕ್ಕೆ ಮರಳಿ ಬರುವ ದಾರಿ ಇರಲಿಲ್ಲ.

“ಏನಮ್ಮ ಇದು? ಹಳದಿ ಬರಬೇಕಾದ್ದರಲ್ಲಿ ಬಿಳಿ?”

“ಅದನ್ನೇ ಕೇಳ್ತಿದೀನಿ ಸಾರ್,” ಎಂದಳು ತಂಗಿ. “ಇವಳು ನನ್ನ ಸ್ವಂತ ಅಕ್ಕ. ಆದ್ರೂ ಹೇಳ್ತೀನಿ, ವಯಸ್ಸಾಯ್ತು, ಕಣ್ಣು ಮಂಜಾಗಿದೆ. ಬಿಳೀ ಹೆಣ್ಣನ್ನ ಗಂಡು ಅಂತ ಹಾಕಿದಾಳೆ, ಅವು ಅವವೇ ಸೇರ್ಕೊಂಡು ಬಿಳಿ ಹುಟ್ಟಿದೆ. ಇಲ್ಲಿಂದ ತಗೊಂಡ ಮೊಟ್ಟೆ ಬಟ್ಟೆ ಇನ್ನೂ ಎರಡಿದೆ. ವಾಪಸ್ ಇಟ್ಕೊಂಡು ಬೇರೆ ಕೊಡಿ.”

ಸೆರಗಿನಿಂದ ಎರಡು ಬಟ್ಟೆ ತೆಗೆದು ಹರಡಿದಳು. ಗಂಜಿ ಹಾಕಿ ಗಟ್ಟಿ ಮಾಡಿದ ತುಂಡು ಬಟ್ಟೆ, ಅದರ ಮೇಲೆ ಸಾಲಾಗಿ ಇಪ್ಪತ್ತು ಸುತ್ತು ಮೊಟ್ಟೆ. ಒಂದೊಂದು ಸುತ್ತೂ ಒಂದೊಂದು ತಾಯಿ ಚಿಟ್ಟೆ ಇಟ್ಟಿದ್ದು. ಮೂಲೆಯಲ್ಲಿ ಕೋಠಿಯ ನೀಲಿ ಮುದ್ರೆ.

“ಮುದ್ರೆ ನಮ್ಮದೇ,” ಎಂದರು ಮ್ಯಾನೇಜರ್. ಅಲ್ಲಿಗೆ ಅವರ ತಲೆಗೆ ಒಂದು ಮಾತು ಹೊಕ್ಕಿತು.

ಸೂಜಿಗಣ್ಣಿ ಮಡಿಲಿಗೆ ಬಿದ್ದಿದ್ದ ಗೂಡುಗಳನ್ನು ಎಣಿಸುತ್ತಿದ್ದಳು. ಹದಿನೈದು ಹಳದಿ, ಐದು ಬಿಳಿ. ಕುರ್ಚಿಯ ಕೆಳಗಿನವನ್ನು ಬಗ್ಗಿ ಎತ್ತಿಕೊಂಡಳು. ಒಂಬತ್ತು ಹಳದಿ, ಮೂರು ಬಿಳಿ. ನಾಲ್ಕಕ್ಕೊಂದು. ಬಟ್ಟೆಯನ್ನು ಹತ್ತಿರ ತಂದು ಮೂಸಿದಳು. ಕೋಠಿಯ ಬಟ್ಟೆಗೆ ಗಂಜಿಯ ವಾಸನೆ ಮಾತ್ರ. ಇದಕ್ಕೆ ಬಟ್ಟೆ ಸೋಪಿನದೂ ಇತ್ತು. ತಲೆಯೆತ್ತಿ ತಂಗಿಯ ಮುಖ ನೋಡಿದಳು. ತಂಗಿ ಚಾವಣಿಯ ಹೆಂಚು ಎಣಿಸುತ್ತಿದ್ದಳು.

ಆಯಿತು, ಎಲ್ಲ ತಿಳಿಯಿತು. ಈ ಮಹಾತಾಯಿ ಕೋಠಿಯ ಮುದ್ರೆಯಿದ್ದ ಹಳೆಯ ಬಟ್ಟೆಗಳನ್ನು ಒಗೆದು, ಕೋಠಿಯಿಂದ ಕೊಂಡ ಮೊಟ್ಟೆಯ ಹುಳುಗಳ ಗೂಡನ್ನೇ ಉಳಿಸಿ, ಮನೆಯಲ್ಲೇ ಮೊಟ್ಟೆ ಇಡಿಸಿದ್ದಾಳೆ. ಹೇಳೋಣವೆಂದರೆ ಬಾಯಿಗೆ ಬೀಗ. ಮನೆಯಲ್ಲಿ ಮಾಡಿದ ಮೊಟ್ಟೆಗೆ ಗಂಟುರೋಗದ ಪರೀಕ್ಷೆ ಇರುವುದಿಲ್ಲ, ಒಬ್ಬರ ಮನೆಯಲ್ಲಿ ಹೊಕ್ಕರೆ ಊರಿನ ಹುಳುವೆಲ್ಲ ಸಾಯುತ್ತದೆ. ಹಾಗೆ ಮಾಡಿದವರಿಗೆ ಕೋಠಿ ಮೊಟ್ಟೆ ಕೊಡುವುದನ್ನೇ ನಿಲ್ಲಿಸುತ್ತದೆ. ತಂಗಿಗೆ ಹುಳು ಬಿಟ್ಟರೆ ಬೇರೆ ಬದುಕಿಲ್ಲ.

“ಸಾರ್, ನಾನು ತಪ್ಪು ವಿಂಗಡಿಸಿಲ್ಲ,” ಎಂದಳು ಸೂಜಿಗಣ್ಣಿ, ಆದಷ್ಟು ಸಮಾಧಾನದಿಂದ.

“ಹಾಗಾದ್ರೆ ಬಿಳಿ ಹೇಗೆ ಬಂತು?”

“ಹೇಗೋ ಬಂತು. ನನ್ನಿಂದ ಬಂದಿಲ್ಲ.”

“ಇದೊಂದು ಉತ್ತರಾನಾ?”

ಅಲ್ಲ ಎಂದು ಅವಳಿಗೂ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಇನ್ನೊಂದು ದಾರಿ ಹಿಡಿದಳು. “ಕೇಳಿ ಸಾರ್. ನಾನು ಬಿಳಿ ಹೆಣ್ಣನ್ನ ಬಿಳಿ ಗಂಡುಗಳ ಜೊತೆ ಬಿಟ್ಟಿದ್ರೆ ಏನಾಗ್ತಿತ್ತು? ಆ ತಾಯಿಯ ಮಕ್ಕಳೆಲ್ಲ, ನಾನೂರಕ್ಕೆ ನಾನೂರೂ ಬಿಳಿ. ಪಕ್ಕದ ತಾಯಿ ಸರಿಯಾಗಿದ್ರೆ ಅವಳ ನಾನೂರೂ ಹಳದಿ. ಒಂದು ತಾಯಿಗೆ ಒಂದೇ ಬಣ್ಣ. ಈ ಬಟ್ಟೆಯಿಂದ ಮೂರು ಸುತ್ತು ಕತ್ತರಿಸಿ ಕೊಡಿ, ಮೂರು ತಟ್ಟೇಲಿ ಬೇರೆ ಬೇರೆ ಸಾಕ್ತೀನಿ. ಒಂದೇ ತಾಯಿಯ ತಟ್ಟೇಲಿ ಎರಡು ಬಣ್ಣಾನೂ ಬಂದ್ರೆ ಅದು ವಿಂಗಡಣೆ ತಪ್ಪಲ್ಲ.”

ಮ್ಯಾನೇಜರ್ ಗಲ್ಲ ಕೆರೆದುಕೊಂಡರು. “ಅಮ್ಮ ಹಳದಿ, ಅಪ್ಪ ಬಿಳಿ. ಮಕ್ಕಳಲ್ಲಿ ಎರಡು ಬಣ್ಣ ಬರಬಹುದಲ್ವಾ?”

“ಬರಲ್ಲ ಸಾರ್. ಇಷ್ಟು ವರ್ಷ ಬಂದಿದ್ಯಾ?”

“ಇಲ್ಲ. ಆದ್ರೆ ಬಿಳಿ ಸೇರಿದ್ಮೇಲೆ ತಿಳಿಹಳದಿನಾದ್ರೂ ಆಗ್ಬೇಕಿತ್ತಲ್ವಾ?”

“ಸುಣ್ಣಕ್ಕೆ ಬಣ್ಣ ಕಲಸಿದ ಹಾಗಲ್ಲ ಸಾರ್ ಇದು!”

“ಸರಿ ಸರಿ, ಕೂಗಬೇಡಿ. ಸಾಕಿ ನೋಡಿ. ಅಲ್ಲೀವರೆಗೂ ಈ ಕುರ್ಚೀಲಿ ಗಿಣಿ ಕೂರ್ಲಿ, ನೀವು ತಟ್ಟೆ ತೊಳೀರಿ. ನಿಮ್ಮದಲ್ಲ ಅಂತಾದ್ರೆ ಯಾರದು ಅಂತಾನೂ ನೀವೇ ಹೇಳ್ಬೇಕು. ಇಲ್ಲದಿದ್ರೆ ಕುರ್ಚಿ ಗಿಣಿಗೇ ಖಾಯಂ.”

ಗಿಣಿ ಎಂದರೆ ಆರು ತಿಂಗಳಿಂದ ಕೆಲಸ ಕಲಿಯುತ್ತಿದ್ದ ಹುಡುಗಿ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. “ಅಕ್ಕ, ದಿಂಬು ಇಲ್ಲೇ ಇರ್ಲಾ, ತಗೊಂಡ್ಹೋಗ್ತೀರಾ?” ಎಂದು ಕೇಳುತ್ತಲೇ ಕೂತುಬಿಟ್ಟಳು.

ಹೀಗೆ ಸೂಜಿಗಣ್ಣಿ ಹಿತ್ತಲಿನ ತೊಟ್ಟಿಯ ಬಳಿಗೆ ಬಂದಳು. ಸುಣ್ಣದ ನೀರಿನಲ್ಲಿ ಹುಳು ಸಾಕುವ ಬೆತ್ತದ ತಟ್ಟೆ ಅದ್ದಿ ಉಜ್ಜಿ ಬಿಸಿಲಿಗೆ ಒರಗಿಸುವುದು. ಎರಡೇ ದಿನಕ್ಕೆ ಬೆರಳ ತುದಿ ಬಿರಿಯಿತು. ಆ ಬೆರಳುಗಳಿಗೆ ಗೀರು ಯಾವುದು, ಚುಕ್ಕಿ ಯಾವುದು ಎಂದು ಕಣ್ಣಿಗಿಂತ ಮೊದಲೇ ತಿಳಿಯುತ್ತಿತ್ತು. ಕೆಲಸ ಯಾವುದಾದರೂ ಕೆಲಸವೇ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ. ಕಿಟಕಿಯಿಂದ ಗಿಣಿಯ ದನಿ ಬರುತ್ತಿತ್ತು: “ಇದು ಹೆಣ್ಣಾ? ಗಂಡಾ? ಹೆಣ್ಣೇ ಇರ್ಬೇಕು ಬಿಡು.” ಇರಬೇಕಂತೆ! ಸೂಜಿಗಣ್ಣಿ ಉಜ್ಜುತ್ತಿದ್ದ ತಟ್ಟೆಯ ಬೆತ್ತವೇ ಕಿತ್ತು ಬಂತು.

ಮನೆಯಲ್ಲಿ ಗಂಡ ದರ್ಜಿ. ರಸ್ತೆ ಕಡೆಯ ಕೋಣೆಯೇ ಅಂಗಡಿ. ಹಿಂದಿನ ಕೋಣೆಯಲ್ಲಿ ಮೂರು ತಟ್ಟೆ ಜೋಡಿಸಿ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಳಿಸಿದ್ದಾಯಿತು. ಎಂಟನೆಯ ದಿನ ಮೊಟ್ಟೆ ಒಡೆದು ಎಳ್ಳಿಗಿಂತ ಚಿಕ್ಕ ಕರಿ ಹುಳುಗಳು ಹೊರಬಂದವು. ಪ್ರತಿ ತಾಯಿಯದೂ ಕಣ್ಣು ಮುಚ್ಚಿ ನೂರು ಆರಿಸಿ, ತಟ್ಟೆಯ ಅಂಚಿಗೆ ಗಂಡನ ಕೈಯಿಂದ ಕೆಂಪು, ನೀಲಿ, ಕಪ್ಪು ದಾರ ಕಟ್ಟಿಸಿದಳು.

“ಎಷ್ಟು ದಿನ ಇವರು ನಮ್ಮನೇಲಿ?” ಎಂದು ದರ್ಜಿ ಕೇಳಿದ.

“ಗೂಡು ಕಟ್ಟೋವರೆಗೂ.”

“ನಿನ್ನ ತಂಗಿ ಮಾಡಿದ ತಪ್ಪಿಗೆ ನನ್ನ ಕೋಣೆಗೆ ಶಿಕ್ಷೆ. ಕತ್ತರಿಸಿದ ಪ್ಯಾಂಟೆಲ್ಲ ಈಗ ನನ್ನ ಮಂಚದ ಮೇಲಿದೆ. ಹೋಗಿ ಮ್ಯಾನೇಜರ್‌ಗೆ ಒಂದು ಮಾತು ಹೇಳಿದ್ರೆ ಮುಗೀತಲ್ಲ.”

“ಹೇಳಿದ್ರೆ ಅವಳು ಮುಗೀತಾಳೆ.”

“ಹೇಳದಿದ್ರೆ ನೀನು ಮುಗೀತೀಯ. ತಟ್ಟೆ ತೊಳೆದು ಬಂದ ದಿನ ನೀನು ನನ್ನ ಮೇಲೆ ಎಗರೋದು ನೋಡಿದ್ರೆ ಮೊದಲು ನಾನೇ ಮುಗೀತೀನಿ.”

ಇಷ್ಟರ ಮೇಲೆ ದಿನ ಬೆಳಗಾದರೆ ತಂಗಿ ಹಾಜರು. ಅವಳ ತೋಟದ ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು. ತನ್ನ ಗುಟ್ಟನ್ನು ಬಯಲು ಮಾಡಲೆಂದೇ ಬೆಳೆಯುತ್ತಿದ್ದ ಹುಳುಗಳಿಗೆ ತಾನೇ ಸೊಪ್ಪು ಕತ್ತರಿಸಿ ಹಾಕುವಳು. ಹಾಕಿ ಉಪದೇಶವನ್ನೂ ಮಾಡುವಳು.

“ಇಷ್ಟು ದಪ್ಪ ಕತ್ತರಿಸಬಾರದು ಅಕ್ಕ. ಎರಡನೇ ಜ್ವರ ಏಳೋ ಹೊತ್ತು, ಎಳೇ ಸೊಪ್ಪು ಹಾಕು. ಮೊಟ್ಟೆ ಕೋಠೀಲಿ ಕೂತವರಿಗೆ ಹುಳು ಸಾಕೋದು ಏನು ಗೊತ್ತು!”

ಹುಳು ಪೊರೆ ಬಿಡುವ ಮುನ್ನ ತಿನ್ನುವುದು ಬಿಟ್ಟು ಮಂಕಾಗಿ ಮಲಗುತ್ತದೆ, ಅದನ್ನೇ ಸಾಕುವವರು ಜ್ವರ ಎನ್ನುವುದು. ಸೂಜಿಗಣ್ಣಿಗೆ ಆ ಒಂದು ತಿಂಗಳು ಪೂರ್ತಿ ಜ್ವರವೇ. ತಂಗಿಯನ್ನು ಹಿಡಿದು ಕೇಳಿಬಿಡೋಣವೆಂದು ಬಾಯಿ ತೆರೆಯುವಳು. ಅಷ್ಟರಲ್ಲಿ ತಂಗಿ, “ನೀನೇನೂ ಯೋಚಿಸ್ಬೇಡ, ಕನ್ನಡಕ ಹಾಕಿಸ್ಕೊಂಡ್ರೆ ಎಲ್ಲ ಸರಿಹೋಗುತ್ತೆ,” ಎಂದು ಕರುಣೆಯಿಂದ ಬೆನ್ನು ಸವರುವಳು. ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ದೇವರೇ, ಇವಳಿಗೆ ಬುದ್ಧಿ ಕೊಡು, ಇಲ್ಲವೇ ನನಗೆ ಕಿವುಡು ಕೊಡು ಎಂದು ಸೂಜಿಗಣ್ಣಿ ದಿನವೂ ಕೇಳಿಕೊಂಡಳು. ಅವನು ಎರಡನ್ನೂ ಕೊಡಲಿಲ್ಲ.

ನಾಲ್ಕನೆಯ ಜ್ವರ ಕಳೆದು ಹುಳುಗಳು ಕಿರುಬೆರಳಿನಷ್ಟಾದವು. ಒಂದು ಮಧ್ಯಾಹ್ನ ಸೂಜಿಗಣ್ಣಿ ಕೆಂಪು ದಾರದ ತಟ್ಟೆಯಿಂದ ಎರಡು ಹುಳು ತೆಗೆದು ಅಂಗೈಯಲ್ಲಿ ಹೊಟ್ಟೆ ಮೇಲಾಗಿ ಮಲಗಿಸಿದಳು. “ಬಾ ಇಲ್ಲಿ,” ಎಂದು ತಂಗಿಯನ್ನು ಕರೆದಳು. “ಕಾಲು ನೋಡು.”

ಒಂದರ ಮೋಟುಗಾಲುಗಳಲ್ಲಿ ಹಳದಿ ಛಾಯೆ. ಇನ್ನೊಂದರದು ಬಿಳಚಿಕೊಂಡಿತ್ತು.

“ಹಳದಿ ಕಾಲಿನದು ಹಳದಿ ಗೂಡು ಕಟ್ಟುತ್ತೆ, ಬಿಳೀದು ಬಿಳಿ. ಒಂದೇ ತಟ್ಟೆ, ಒಂದೇ ತಾಯಿ. ಈಗ ಹೇಳು, ಎಷ್ಟು ಸಲ ಮಾಡಿದೆ?”

“ಏನನ್ನ?”

“ಬಟ್ಟೆ ಒಗೆದಿದ್ದು.”

ತಂಗಿ ಸೊಪ್ಪಿನ ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು. “ಎರಡು ಸಲ,” ಎಂದಳು. ಒಡನೆಯೇ ದನಿ ಏರಿಸಿದಳು. “ಅದಕ್ಕೇನೀಗ? ಎರಡು ಸಲಾನೂ ನಿಮ್ಮ ಕೋಠಿ ಮೊಟ್ಟೆಯ ಗೂಡು ಅಷ್ಟು ಚೆನ್ನಾಗಿತ್ತು, ಬಿಡೋಕೆ ಮನಸ್ಸಾಗಲಿಲ್ಲ. ರಾಶೀಲಿ ಆರಿಸಿ ಆರಿಸಿ ದಪ್ಪ ಹಳದಿ ಗೂಡನ್ನೇ ಇಟ್ಕೊಂಡೆ. ಹಳದಿಗೆ ಹಳದಿನೇ ಜೋಡಿ ಮಾಡಿದೆ. ಒಳ್ಳೇದಕ್ಕೆ ಒಳ್ಳೇದು ಸೇರಿಸಿದ್ರೆ ಒಳ್ಳೇದೇ ಹುಟ್ಟಬೇಕಲ್ಲ? ಬಿಳಿ ಎಲ್ಲಿಂದ ಬಂತು? ನಾನಂತೂ ಸೇರಿಸಿಲ್ಲ. ಅಂದ್ಮೇಲೆ ನೀವು ಕೊಟ್ಟಿದ್ದರಲ್ಲೇ ಇತ್ತು!”

ಸೂಜಿಗಣ್ಣಿಗೆ ಹೊಡೆಯಬೇಕೋ ನಗಬೇಕೋ ತಿಳಿಯಲಿಲ್ಲ. ಏಕೆಂದರೆ ಆ ಮಾತು ನಿಜವಾಗಿತ್ತು. ಬಿಳಿ ಅದರಲ್ಲೇ ಇತ್ತು.

“ಇತ್ತು ಕಣೇ! ಇತ್ತು! ಅದನ್ನೇ ಹೇಳೋಕೆ ತಿಂಗಳಿಂದ ಒದ್ದಾಡ್ತಿದೀನಿ!” ಎಂದು ಕೂಗಿದಳು. ಹೊರಗೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಸೂಜಿಗಣ್ಣಿ ಅಂಗಡಿಗೆ ಹೋಗಿ, ಗಂಡನ ಗುಂಡಿಯ ಡಬ್ಬಿಯಿಂದ ಒಂದಷ್ಟು ಹಳದಿ, ಒಂದಷ್ಟು ಬಿಳಿ ಗುಂಡಿ ಹೆಕ್ಕಿ ತಂದು ನೆಲದ ಮೇಲಿಟ್ಟಳು.

“ಕೂತ್ಕೋ. ಬಾಯಿ ಬಿಡಬೇಡ, ಬರೀ ನೋಡು. ಪ್ರತಿ ಹುಳುವಿನ ಒಳಗೂ ಗೂಡಿನ ಬಣ್ಣಕ್ಕೆ ಅಂತ ಎರಡು ಗುಂಡಿ. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ನಮ್ಮ ಹಳದಿ ತಾಯಿ ಹತ್ರ ಎರಡೂ ಹಳದಿ. ಬಿಳಿ ತಂದೆ ಹತ್ರ ಎರಡೂ ಬಿಳಿ. ಮಗುವಿಗೆ ಇಬ್ಬರೂ ಒಂದೊಂದು ಕೊಡ್ತಾರೆ. ಮಗು ಹತ್ರ ಏನಿರುತ್ತೆ?”

“ಒಂದು ಹಳದಿ, ಒಂದು ಬಿಳಿ.”

“ಅದೇ ನೀನು ಕೋಠಿಯಿಂದ ತಂದಿದ್ದು. ಗೂಡು ಯಾವ ಬಣ್ಣ?”

“ಹಳದಿ. ಯಾಕೆ?”

“ಹಳದಿ ಗುಂಡಿಗೆ ಬಾಯಿ ಜೋರು, ನಿನ್ನ ಹಾಗೆ. ಅದು ಒಂದಿದ್ರೂ ಸಾಕು, ಗೂಡು ಹಳದೀನೇ. ಬಿಳಿ ಮಾತಾಡದೆ ಮೂಲೆಯಲ್ಲಿ ಕೂತಿರುತ್ತೆ.”

“ನಿನ್ನ ಹಾಗೆ,” ಎಂದಳು ತಂಗಿ.

“ಸುಮ್ನಿರು. ಕೂತಿರುತ್ತೆ, ಆದ್ರೆ ಕರಗಿ ಹೋಗಲ್ಲ. ಈಗ ನೀನು ಮಾಡಿದ ಘನಕಾರ್ಯ. ಇಂಥಾ ಹೆಣ್ಣಿಗೆ ಇಂಥದ್ದೇ ಗಂಡು. ಅಮ್ಮನ ಹತ್ರಾನೂ ಒಂದು ಹಳದಿ ಒಂದು ಬಿಳಿ, ಅಪ್ಪನ ಹತ್ರಾನೂ ಹಾಗೇ. ಯಾವುದನ್ನ ಕೊಡಬೇಕು ಅಂತ ಅವರು ಆರಿಸಲ್ಲ, ಕೈಗೆ ಸಿಕ್ಕಿದ್ದು ಕೊಡ್ತಾರೆ. ನಾಲ್ಕು ಮಕ್ಕಳು ಅಂತ ಇಟ್ಕೋ. ಒಂದಕ್ಕೆ ಎರಡೂ ಹಳದಿ. ಎರಡಕ್ಕೆ ಒಂದೊಂದು. ಇನ್ನೊಂದಕ್ಕೆ?”

ತಂಗಿ ಉಳಿದ ಎರಡು ಗುಂಡಿಗಳನ್ನು ನೋಡಿದಳು. ಎರಡೂ ಬಿಳಿ.

“ಅಲ್ಲಿ ಬಾಯಿ ಜೋರು ಮಾಡೋಕೆ ಯಾರೂ ಇಲ್ಲ,” ಎಂದಳು ಮೆಲ್ಲಗೆ.

“ಇಲ್ಲ. ಅದಕ್ಕೇ ನಾಲ್ಕಕ್ಕೊಂದು ಬಿಳಿ.”

ತಂಗಿ ಗುಂಡಿಗಳನ್ನು ತಾನೇ ಮತ್ತೊಮ್ಮೆ ಜೋಡಿಸಿ ನೋಡಿದಳು. ಕೊನೆಗೆ ತನ್ನ ಮೊಂಡು ಮೂಗನ್ನು ಮುಟ್ಟಿಕೊಂಡು, “ಅಪ್ಪಂದೂ ಉದ್ದ ಮೂಗು, ಅಮ್ಮಂದೂ ಉದ್ದ ಮೂಗು, ನಿಂದೂ ಉದ್ದ. ನನಗೆ ಮಾತ್ರ ಅಜ್ಜಿ ಮೂಗು. ಇದೂ ಹಿಂಗೇನಾ?” ಎಂದಳು.

“ಮನುಷ್ಯರ ಮೂಗಿಗೆ ಎರಡೇ ಗುಂಡಿ ಸಾಲಲ್ಲ, ಎಷ್ಟಿದಾವೋ ಮಾಡಿದವನಿಗೇ ಗೊತ್ತು. ಮೂಗಿನ ವಿಷಯ ಬಿಡು. ಕುರ್ಚಿ ವಿಷಯ ಹೇಳು. ಗೂಡು ಕಟ್ಟಿದ್ಮೇಲೆ ಇದು ಯಾರ ಕೆಲಸ ಅಂತ ಮ್ಯಾನೇಜರ್ ಕೇಳ್ತಾರೆ.”

“ಹೇಳ್ಬಿಡು. ನಿನಗೆ ಕುರ್ಚಿ ಸಿಗುತ್ತೆ. ನಾನು ಇರೋ ಹಿಪ್ಪುನೇರಳೆ ಕಿತ್ತು ಹಾಕಿ ಮನೇಲಿ ಕೂತ್ಕೋತೀನಿ. ನಿನಗೆ ಸಂತೋಷ ತಾನೇ?”

“ನನ್ನ ಸಂತೋಷ ಕಟ್ಕೊಂಡು ನಿನಗೇನು! ಎಲ್ಲರ ಮುಂದೆ ಕಣ್ಣು ಮಂಜು ಅಂದೆಯಲ್ಲ, ಆಗ ನೆನಪಾಗಲಿಲ್ವಾ?”

“ಆಗ ಗೊತ್ತಿರಲಿಲ್ಲ ಅಕ್ಕ. ನಿಜವಾಗ್ಲೂ ನಿಂದೇ ತಪ್ಪು ಅಂದ್ಕೊಂಡಿದ್ದೆ.”

ಅದು ಸುಳ್ಳಲ್ಲ, ಅದೇ ಕಷ್ಟ. ಸುಳ್ಳಾಗಿದ್ದರೆ ಸಿಟ್ಟಿಗೆ ಒಂದು ನೆಲೆ ಸಿಗುತ್ತಿತ್ತು. ತಂಗಿ ಮುಖ ಊದಿಸಿಕೊಂಡು ಎದ್ದು ಹೋದಳು. ಹೋಗುವಾಗಲೂ ನೀಲಿ ದಾರದ ತಟ್ಟೆಗೆ ಸೊಪ್ಪು ಕಡಿಮೆಯಾಗಿದೆ ಎಂದು ಎರಡು ಹಿಡಿ ಹಾಕಿಯೇ ಹೋದಳು.

ಹುಳು ಹಣ್ಣಾದವು, ಮೈ ಪಾರದರ್ಶಕವಾಗಿ ತಲೆ ಎತ್ತಿ ಆಡಿಸತೊಡಗಿದವು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಸುರುಳಿಗಳಿಗೆ ಬಿಟ್ಟ ಮೂರನೆಯ ದಿನಕ್ಕೆ ಗೂಡು ಸಿದ್ಧ. ಗುರುವಿಲ್ಲದೆ, ಕಲಿಸುವವರಿಲ್ಲದೆ, ತಾತನ ಬಣ್ಣವೊಂದು ಮೊಮ್ಮಗುವಿನ ಬಾಯಿಂದ ನೂಲಾಗಿ ಬಂದಿತ್ತು. ಬೇರೆ ದಿನವಾಗಿದ್ದರೆ ಸೂಜಿಗಣ್ಣಿ ಅದರ ಮುಂದೆ ಕಣ್ಣು ತುಂಬಿಕೊಂಡು ನಿಲ್ಲುತ್ತಿದ್ದಳು. ಅಂದು ಗಡಿಬಿಡಿಯಲ್ಲಿ ಬಿಡಿಸಿ, ಮೂರು ಚೀಲಕ್ಕೆ ತುಂಬಿ ಕೋಠಿಗೆ ಹೊರಟಳು. ಯಾರೂ ಕರೆಯದಿದ್ದರೂ ತಂಗಿ ಹಿಂದೆಯೇ ಬಂದಳು.

ಮ್ಯಾನೇಜರ್ ಮೇಜಿನ ಮೇಲೆ ತಾವೇ ಎಣಿಸಿದರು. ಗಿಣಿ ಕೆಲಸ ಬಿಟ್ಟು ಜೋರಾಗಿ ಲೆಕ್ಕ ಕೂಗಿದಳು, ಎರಡು ಸಲ ತಪ್ಪಿದಳು. ಕೆಂಪು ದಾರ: ಎಪ್ಪತ್ತೊಂದು ಹಳದಿ, ಇಪ್ಪತ್ತೈದು ಬಿಳಿ. ನೀಲಿ: ಎಪ್ಪತ್ತನಾಲ್ಕು, ಇಪ್ಪತ್ತಮೂರು. ಕಪ್ಪು: ಎಪ್ಪತ್ತಮೂರು, ಇಪ್ಪತ್ತಾರು. ಮಿಕ್ಕ ಕೆಲವು ಗೂಡು ಕಟ್ಟುವ ಮೊದಲೇ ಸತ್ತಿದ್ದವು.

“ಪ್ರತಿ ತಾಯೀಲೂ ಎರಡು ಬಣ್ಣ ಇದೆ,” ಎಂದರು ಮ್ಯಾನೇಜರ್. “ನೀವು ಹೇಳಿದ ಹಾಗೇ ಆಯ್ತು. ಆದ್ರೆ ಯಾಕೆ ಹಾಗಾಯ್ತು?”

ಸೂಜಿಗಣ್ಣಿ ತಂಗಿಯ ಕಡೆ ನೋಡಲಿಲ್ಲ. ನೋಡಿದರೆ ಬಾಯಿ ತಪ್ಪುತ್ತದೆಂದು ಕುರ್ಚಿಯ ಕಡೆ ನೋಡಿದಳು. ಅದು ಇನ್ನೂ ಕಷ್ಟವಾಯಿತು.

“ನನಗೆ ಗೊತ್ತು ಸಾರ್. ಹೇಳಲ್ಲ.”

“ಹೇಳಲ್ಲ ಅಂದ್ರೆ?”

“ಹೇಳಲ್ಲ ಅಂದ್ರೆ ಹೇಳಲ್ಲ. ನನ್ನ ಕೈ ತಪ್ಪಿಲ್ಲ ಅಂತ ತೋರಿಸಿದೀನಿ. ಅಷ್ಟಕ್ಕೇ ಕುರ್ಚಿ ಕೊಟ್ರೆ ಕೊಡಿ, ಇಲ್ಲಾಂದ್ರೆ ತಟ್ಟೆ ತೊಳೀತೀನಿ.”

ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. “ನಿಮ್ಮಿಷ್ಟ. ನನಗೆ ಕಾಣೋದು ಇಷ್ಟೇ, ಯಾರೋ ದಡ್ಡರು ಎಲ್ಲೋ ಬಿಳಿ ಚಿಟ್ಟೆ ಸೇರಿಸಿದಾರೆ. ಹಳದ್ಯಾವುದು ಬಿಳ್ಯಾವುದು ಅಂತ ಗೊತ್ತಿಲ್ಲದ ಯಾವುದೋ ಶುದ್ಧ ಮೊದ್ದು.”

“ಯಾರು ಮೊದ್ದು?” ಎಂದಳು ತಂಗಿ.

“ಸುಮ್ನಿರೇ,” ಎಂದಳು ಸೂಜಿಗಣ್ಣಿ.

“ಯಾಕೆ ಸುಮ್ನಿರ್ಲಿ? ಒಂದೇ ಒಂದು ಬಿಳಿ ಚಿಟ್ಟೆ ಸೇರಿಸಿಲ್ಲ ನಾನು! ಒಂದೊಂದು ಗೂಡನ್ನೂ ಬೆಳಕಿಗೆ ಹಿಡಿದು ಆರಿಸಿದೀನಿ. ಬಟ್ಟೆ ನಾನೇ ಒಗೆದೆ, ಗಂಜಿ ನಾನೇ ಹಾಕಿದೆ, ಡಬ್ಬಿ ಮುಚ್ಚಳ ಕವುಚಿ ಒಂದೊಂದು ತಾಯೀನೂ ಬೇರೆ ಬೇರೆ ಇಟ್ಟೆ. ನಿಮ್ಮ ಕೋಠೀಲೂ ಅಷ್ಟು ಶುದ್ಧವಾಗಿ ಮಾಡಲ್ಲ! ಬಿಳಿ ಗುಂಡಿ ಒಳಗೇ ಇತ್ತು ಸಾರ್, ಸುಮ್ನೆ ಕೂತಿತ್ತು ಅಷ್ಟೇ. ಅದು ನಿಮಗೂ ಗೊತ್ತಿಲ್ಲ, ನನ್ನ ಮೊದ್ದು ಅಂತೀರಾ!”

ಇಷ್ಟು ಹೇಳಿದ ಮೇಲೆ ತಂಗಿ ನಾಲಗೆ ಕಚ್ಚಿಕೊಂಡಳು.

“ಗುಂಡಿ?” ಎಂದರು ಮ್ಯಾನೇಜರ್.

ಸೂಜಿಗಣ್ಣಿ ಹಣೆ ಚಚ್ಚಿಕೊಂಡಳು. ಒಂದು ತಿಂಗಳು ತನ್ನ ನಾಲಗೆಯನ್ನು ಹಗ್ಗ ಹಾಕಿ ಕಟ್ಟಿದ್ದು ಇದಕ್ಕೋಸ್ಕರವೇ? ಮತ್ತೆ ಮೊದಲಿಂದ ಎಲ್ಲವನ್ನೂ ಹೇಳಿದಳು: ಇಬ್ಬರು ತಾಯ್ತಂದೆ, ಎರಡೆರಡು ಗುಂಡಿ, ಬಾಯಿ ಜೋರಿನ ಹಳದಿ. ಮ್ಯಾನೇಜರ್ ತಲೆಯಾಡಿಸುತ್ತ ಕೇಳಿ, “ಒಟ್ಟಿನಲ್ಲಿ ಅವರು ಒಪ್ಕೊಂಡಿದಾರಲ್ಲ, ಅಷ್ಟು ಸಾಕು,” ಎಂದರು. ಅವರಿಗೆ ಅರ್ಥವಾಗಿರಲಿಲ್ಲ. ಆಗುವುದೂ ಬೇಕಿರಲಿಲ್ಲ. ಇಪ್ಪತ್ತಾರು ವರ್ಷದ ಕಣ್ಣು ಒಂದು ಕಡೆ, ಹತ್ತಿರ ಹತ್ತಿರ ಮುನ್ನೂರು ಗೂಡಿನ ಸಾಕ್ಷಿ ಇನ್ನೊಂದು ಕಡೆ. ಅವರು ನಂಬಿದ್ದು ಮಾತ್ರ ಬಾಯಿ ಜಾರಿದ ಒಂದು ಜಗಳವನ್ನು.

ತಾನಾಗಿಯೇ ಹೇಳಿದ್ದಕ್ಕೆ ತಂಗಿಯನ್ನು ಪೂರ್ತಿ ಕೈಬಿಡಲಿಲ್ಲ. ಮೂರು ಬೆಳೆ ಮೊಟ್ಟೆ ಇಲ್ಲ, ಆಮೇಲೆ ನೋಡೋಣ ಎಂದರು. ಗಿಣಿ ಎದ್ದು ದಿಂಬು ಕೊಡವಿದಳು.

ಸೂಜಿಗಣ್ಣಿ ಕುರ್ಚಿಯಲ್ಲಿ ಕೂತಳು. ಕೈ ಮುಗಿದಳು. ಮೊದಲ ಗೂಡು ಕತ್ತರಿಸಿ, ಒಳಗಿನ ಜೀವವನ್ನು ತೆಗೆದು ಬಿರಿದ ಬೆರಳಲ್ಲಿ ತಿರುಗಿಸಿದಳು. ಗೀರು. ಹೆಣ್ಣು. ಎಡ ತಟ್ಟೆ. ಎರಡನೆಯದು ಚುಕ್ಕಿ, ಬಲ ತಟ್ಟೆ. ಆಗ ಕಿಟಕಿಯ ಬೆಳಕಿಗೆ ಯಾರೋ ಅಡ್ಡ ಬಂದರು.

ತಂಗಿ ಹೊರಗೆ ನಿಂತು ಸರಳು ಹಿಡಿದುಕೊಂಡಿದ್ದಳು. ಅತ್ತು ಕೆಂಪಾದ ಮೂಗು.

“ಬೆಳಕು ಬಿಡು.”

“ಮೂರು ಬೆಳೆ ನಾನೇನು ಮಾಡ್ಲಿ?”

“ಸೊಪ್ಪು ಮಾರು. ಪಕ್ಕದವರೆಲ್ಲ ಕೊಳ್ತಾರೆ.”

“ಹೂಂ.” ಹೋಗಲಿಲ್ಲ. ಸರಳಿನ ಮೇಲೆ ಬೆರಳಾಡಿಸಿದಳು. “ಅಕ್ಕ, ಒಂದು ಕೇಳ್ಲಾ? ಬೈಬಾರದು.”

“ಕೇಳು.”

“ಆ ನಾಲ್ಕನೇದು ಇದೆಯಲ್ಲ, ಎರಡೂ ಬಿಳಿ ಗುಂಡಿದು. ಅದರ ಹತ್ರ ಕೊಡೋಕೆ ಹಳದಿ ಇಲ್ಲವೇ ಇಲ್ಲ, ಅಲ್ವಾ? ಹಾಗಾದ್ರೆ ಬಿಳಿಗೆ ಬಿಳಿ ಜೋಡಿ ಮಾಡಿದ್ರೆ?”

ಸೂಜಿಗಣ್ಣಿಯ ಕೈಯಲ್ಲಿದ್ದ ಕತ್ತರಿ ನಿಂತಿತು. ಬೈಗುಳ ಗಂಟಲವರೆಗೂ ಬಂದಿತು. ಇವಳಿಗೆ ಕುಡಿಸಿದ ಬುದ್ಧಿಯೆಲ್ಲ ಎಲ್ಲಿಗೆ ಹೋಗಿ ಸೇರಿತು ನೋಡು! ಆ ಬಿಳಿ ಗೂಡುಗಳು ಈಗ ಎಲ್ಲಿವೆಯೋ, ಯಾವ ಬುಟ್ಟಿಯ ತಳದಲ್ಲಿವೆಯೋ ಎಂದು ಯೋಚಿಸುತ್ತಲೇ ತಲೆ ಬಿಸಿಯಾಯಿತು. ಆದರೆ ಇಷ್ಟು ದೊಡ್ಡ ಕೋಠಿಯಲ್ಲಿ, ಇಷ್ಟು ವರ್ಷಗಳಲ್ಲಿ, ಅವಳು ಹೇಳಿದ್ದನ್ನು ಹಿಡಿದು ಒಂದು ಹೆಜ್ಜೆ ಮುಂದಕ್ಕೆ ನಡೆದು ಬಂದದ್ದು ಈ ಮೊಂಡು ಮೂಗೊಂದೇ.

“ಬರೀ ಬಿಳೀನೇ ಬರುತ್ತೆ,” ಎಂದಳು. “ಎಷ್ಟು ತಲೆಮಾರು ಹೋದ್ರೂ ಬಿಳೀನೇ.”

“ಅಂದ್ಕೊಂಡೆ,” ಎಂದಳು ತಂಗಿ.

“ಮಾಡಿದ್ರೆ ಕಾಲು ಮುರೀತೀನಿ.”

“ಬರೀ ಕೇಳಿದೆ ಅಷ್ಟೇ,” ಎಂದು ತಂಗಿ ಸರಳು ಬಿಟ್ಟಳು. ಬೆಳಕು ಮತ್ತೆ ಮೇಜಿನ ಮೇಲೆ ಬಿತ್ತು. ಸೂಜಿಗಣ್ಣಿ ಇನ್ನೊಂದು ಗೂಡು ಎತ್ತಿಕೊಂಡಳು.